ಚಂದ್ರನ ಗುಂಡಿ, ಮಂಗಳನ ಕೆಂಪು: ನಮ್ಮ ಅಂಗಳದಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಬದಿಯಡ್ಕದಿಂದ ಸ್ವಲ್ಪ ಒಳಗೆ ನಮ್ಮ ಮನೆ. ಮಳೆಗಾಲ ಕಳೆದು ಆಕಾಶ ಬಿಚ್ಚಿಕೊಂಡಿತೆಂದರೆ ಅಡಿಕೆ ಹರವಿದ ಅಂಗಳದ ಮೂಲೆಯಲ್ಲಿ ಟೆಲಿಸ್ಕೋಪ್ ನಿಲ್ಲಿಸುತ್ತೇನೆ. ನೆರೆಕರೆಯವರು ಬರುತ್ತಾರೆ, ಶಾಲೆ ಮಕ್ಕಳು ಬರುತ್ತಾರೆ, ಮಕ್ಕಳನ್ನು ಕರೆದುಕೊಂಡು ಹೋಗಲು ಬಂದ ದೊಡ್ಡವರೂ ಸಾಲಿನಲ್ಲಿ ನಿಲ್ಲುತ್ತಾರೆ. ಕೇಳುವ ಪ್ರಶ್ನೆಗಳು ಮಾತ್ರ ವರ್ಷ ವರ್ಷವೂ ಹೆಚ್ಚುಕಮ್ಮಿ ಅವೇ. ಹೇಳಿ ಹೇಳಿ ಬಾಯಿ ನೋವಾಗಿ ಬರೆದಿಟ್ಟದ್ದು ಇದು. ನಾನು ಮೇಷ್ಟ್ರು, ವಿಜ್ಞಾನಿ ಅಲ್ಲ. ಹಾಗಾಗಿ ಉದಾಹರಣೆಗಳೆಲ್ಲ ತೋಟ, ಅಡುಗೆಮನೆಯವು.

ಚಂದ್ರನಲ್ಲಿ ಅಷ್ಟೊಂದು ಗುಂಡಿ ಉಂಟು. ನಮ್ಮ ಭೂಮಿಗೆ ಯಾಕೆ ಇಲ್ಲ?

ಮೊದಲ ಪ್ರಶ್ನೆ ಯಾವಾಗಲೂ ಇದೇ. ಭೂಮಿಗೆ ಕಲ್ಲು ಬೀಳಲಿಲ್ಲ ಎಂದಲ್ಲ. ಚಂದ್ರನಿಗಿಂತ ಭೂಮಿ ದೊಡ್ಡದು, ಎಳೆಯುವ ಶಕ್ತಿಯೂ ಜಾಸ್ತಿ. ಹಾಗಾಗಿ ಇಲ್ಲಿಗೇ ಹೆಚ್ಚು ಬಿದ್ದಿರಬೇಕು. ಬಿದ್ದದ್ದು ಉಳಿಯಲಿಲ್ಲ, ಅಷ್ಟೇ.

ಒಂದು ನೆಲದ ಮೇಲೆ ಎರಡು ಪಂಗಡದವರು ಕೆಲಸ ಮಾಡುತ್ತಿರುತ್ತಾರೆ ಎಂದು ಇಟ್ಟುಕೊಳ್ಳಿ. ಒಂದು ಪಂಗಡ ಗುರುತು ಹಾಕುವುದು: ಆಕಾಶದಿಂದ ಬೀಳುವ ಕಲ್ಲು, ಒಳಗಿನಿಂದ ಉಕ್ಕುವ ಜ್ವಾಲಾಮುಖಿ, ನೆಲವನ್ನು ಬಿರಿಸಿ ಮಡಚುವ ಒತ್ತಡ. ಇನ್ನೊಂದು ಪಂಗಡ ಒರೆಸುವುದು: ಮಳೆ, ಹೊಳೆ, ಗಾಳಿ, ಮಂಜುಗಡ್ಡೆ. ಕೆಲವರು ಎರಡೂ ಪಂಗಡದಲ್ಲಿದ್ದಾರೆ. ಲಾವಾ ಹೊಸ ಬೆಟ್ಟ ಕಟ್ಟುತ್ತದೆ, ಹಳೆಯ ಗುಂಡಿಯನ್ನು ಮುಚ್ಚಿಯೂ ಹಾಕುತ್ತದೆ. ಯಾವ ಗ್ರಹದ ಚಿತ್ರ ಕಂಡರೂ ನಾನು ಮೊದಲು ನೋಡುವುದು ಅಲ್ಲಿ ಒರೆಸುವವರು ಯಾರು ಎಂದು. ಅದು ಗೊತ್ತಾದರೆ ಅರ್ಧ ಕಥೆ ಗೊತ್ತಾದ ಹಾಗೆ.

ಚಂದ್ರನಲ್ಲಿ ಗಾಳಿಯಿಲ್ಲ, ಮಳೆಯಿಲ್ಲ. ಒರೆಸುವವರೇ ಇಲ್ಲ ಎನ್ನಬಹುದು. ನಮ್ಮಲ್ಲಿ? ಕಾಸರಗೋಡಿಗೆ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಒಂದೇ ಮಳೆಗಾಲ ಮುಗಿಯುವಷ್ಟರಲ್ಲಿ ಗುಡ್ಡೆಯ ಬದಿಯಲ್ಲಿ ಜೆಸಿಬಿ ಮಾಡಿದ ಹೊಂಡದ ಅಂಚು ಇಳಿದು, ಹುಲ್ಲು ಬಂದು, ಗುರುತು ಸಿಗುವುದಿಲ್ಲ. ಇದೇ ಕೆಲಸ ಕೋಟಿಗಟ್ಟಲೆ ವರ್ಷ ನಡೆದರೆ ಏನು ಉಳಿದೀತು? ಅದು ಸಾಲದೆಂದು ಸಮುದ್ರದ ತಳ ಬೇರೆ ನಿಧಾನಕ್ಕೆ ಜಾರಿ ಭೂಮಿಯ ಒಳಗೆ ಹೋಗಿ ಕರಗುತ್ತದೆ, ಇನ್ನೊಂದು ಕಡೆ ಹೊಸದು ಹುಟ್ಟುತ್ತದೆ. ಭೂಮಿಗೆ 450 ಕೋಟಿ ವರ್ಷ ದಾಟಿದೆ. ಆದರೆ ಮಹಾಸಾಗರಗಳ ತಳದಲ್ಲಿ 20 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲು ಸಿಗುವುದೇ ಅಪರೂಪ.

ಹಾಗಿದ್ದೂ ಸುಮಾರು 200 ಗುಂಡಿಗಳು ಇಲ್ಲಿ ಉಳಿದಿವೆ. ನಮಗೆ ಹೋಗಿ ನೋಡಬಹುದಾದದ್ದು ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್ ಸರೋವರ. ಸುಮಾರು 1.8 ಕಿಲೋಮೀಟರ್ ಅಗಲ, ಉರುಟು, ನಡುವೆ ಉಪ್ಪು ನೀರು. ಕರಿಕಲ್ಲಿನ, ಅಂದರೆ ಬಸಾಲ್ಟಿನ ನೆಲದ ಮೇಲೆ ಆದ ಗುಂಡಿ ಅದು. ಚಂದ್ರನ ಕಪ್ಪು ಬಯಲುಗಳೂ ಬಸಾಲ್ಟೇ. ಅದಕ್ಕೇ ಚಂದ್ರನ ಬಗ್ಗೆ ಓದುವವರಿಗೆ ಲೋಣಾರ್ ಎಂದರೆ ಅಷ್ಟು ಇಷ್ಟ.

ಗುಂಡಿಗಳೆಲ್ಲ ಯಾಕೆ ಉರುಟು? ಓರೆಯಾಗಿ ಬಿದ್ದ ಕಲ್ಲು ಉದ್ದ ಗುಂಡಿ ಮಾಡಬೇಕಲ್ವಾ?

ಒಳ್ಳೆಯ ಪ್ರಶ್ನೆ. ಚಂದ್ರನ ಗುಂಡಿಗಳೆಲ್ಲ ಜ್ವಾಲಾಮುಖಿಯ ಬಾಯಿಗಳು ಎಂದು ದೊಡ್ಡ ದೊಡ್ಡವರೂ ಬಹಳ ಕಾಲ ನಂಬಿದ್ದರು. ಅದಕ್ಕೆ ಒಂದು ಕಾರಣ ಇದೇ ಸಂಶಯ.

ಮನೆಯಲ್ಲಿ ಮಾಡಿ ನೋಡಿ. ಒಂದು ಹಳೆಯ ಬೇಸಿನ್‌ಗೆ ನಾಲ್ಕು ಬೆರಳು ದಪ್ಪಕ್ಕೆ ಅಕ್ಕಿಹಿಟ್ಟು ಸುರಿಯಿರಿ. ಮೇಲಿನಿಂದ ಹಿಟ್ಟಿನ ಬಿಳಿ ಕಾಣದಷ್ಟು ಕಾಪಿಪುಡಿ ಉದುರಿಸಿ. ಬೆಂಚಿನ ಮೇಲೆ ನಿಂತು ಒಂದು ಸುಲಿದ ಅಡಿಕೆಯನ್ನು ನೇರ ಬೀಳಿಸಿ. ಗುಂಡಿ ಆಗುತ್ತದೆ, ಸುತ್ತ ದಂಡೆ ಏಳುತ್ತದೆ, ಕಪ್ಪು ಪುಡಿಯ ಮೇಲೆ ಬಿಳಿ ಹಿಟ್ಟು ಗೆರೆ ಗೆರೆಯಾಗಿ ಸಿಡಿಯುತ್ತದೆ. ಹುಣ್ಣಿಮೆಯ ಚಂದ್ರನ ದಕ್ಷಿಣದಲ್ಲಿ ಟೈಕೋ ಎಂಬ ಗುಂಡಿಯಿಂದ ಹೊರಟ ಬಿಳಿ ಗೆರೆಗಳು ಇವೇ. ಟೈಕೋ 85 ಕಿಲೋಮೀಟರ್ ಅಗಲ, ಹೆಚ್ಚುಕಮ್ಮಿ ಕಾಸರಗೋಡಿನಿಂದ ಕಣ್ಣೂರಿಗೆ ಹೋದಷ್ಟು. ಆದದ್ದು ಸುಮಾರು 11 ಕೋಟಿ ವರ್ಷದ ಹಿಂದೆ. ಚಂದ್ರನ ಲೆಕ್ಕದಲ್ಲಿ ಅದು ನಿನ್ನೆ ಮೊನ್ನೆಯದು. ಅದಕ್ಕೇ ಗೆರೆಗಳು ಇನ್ನೂ ಮಾಸಿಲ್ಲ.

ಈಗ ಅಡಿಕೆಯನ್ನು ಓರೆಯಾಗಿ ಎಸೆಯಿರಿ. ಗುಂಡಿ ಉದ್ದ ಆಗುತ್ತದೆ! ಇಲ್ಲಿಗೆ ಬಂದಾಗ ಮಕ್ಕಳು ನನ್ನನ್ನು ಹಿಡಿದೇ ಬಿಡುತ್ತಾರೆ. ವ್ಯತ್ಯಾಸ ಇರುವುದು ವೇಗದಲ್ಲಿ. ಆಕಾಶದ ಕಲ್ಲು ಬರುವುದು ಸೆಕೆಂಡಿಗೆ 15, 20 ಕಿಲೋಮೀಟರ್ ವೇಗದಲ್ಲಿ. ಆ ವೇಗದಲ್ಲಿ ಕಾಸರಗೋಡಿನಿಂದ ಮಂಗಳೂರಿಗೆ ಎರಡೂವರೆ ಮೂರು ಸೆಕೆಂಡು ಸಾಕು. ಅಷ್ಟು ವೇಗದ ಕಲ್ಲು ನೆಲವನ್ನು ಗೀರುವುದಿಲ್ಲ, ತಾಗಿದಲ್ಲೇ ಸ್ಫೋಟ ಆಗುತ್ತದೆ. ತಾನೂ ಆವಿಯಾಗುತ್ತದೆ, ಕೆಳಗಿನ ಬಂಡೆಯನ್ನೂ ಸಿಡಿಸುತ್ತದೆ. ಸ್ಫೋಟದ ಒತ್ತಡ ಎಲ್ಲ ಕಡೆಗೂ ಒಂದೇ ರೀತಿ ಹರಡುವುದರಿಂದ ಗುಂಡಿ ಉರುಟು. ಗುಂಡಿಯ ಅಗಲ ಬಿದ್ದ ಕಲ್ಲಿನ ಹತ್ತು ಇಪ್ಪತ್ತು ಪಟ್ಟು ಇರುತ್ತದೆ. ನೆಲವನ್ನು ಸವರಿಕೊಂಡು ಹೋಗುವಷ್ಟು ಓರೆ ಬಂದರೆ ಮಾತ್ರ ಉದ್ದ ಗುಂಡಿ. ಅಂಥವೂ ಉಂಟು, ಕಮ್ಮಿ.

ದೊಡ್ಡ ಗುಂಡಿಗಳ ಮಧ್ಯೆ ಒಂದು ಗುಡ್ಡೆ ಕಾಣುವುದನ್ನು ನೋಡಿರಬಹುದು. ಅದು ಬಿದ್ದ ಕಲ್ಲು ಅಲ್ಲ. ತುಂಬಿದ ಪಾತ್ರೆಗೆ ಹನಿ ಬಿದ್ದಾಗ ನಡುವೆ ನೀರು ಪುಟಿದೇಳುತ್ತದಲ್ಲ, ಬಂಡೆಯೂ ಆ ಹೊಡೆತಕ್ಕೆ ಕ್ಷಣ ಕಾಲ ಹಾಗೆ ಪುಟಿದೆದ್ದು ಅಲ್ಲೇ ನಿಂತುಬಿಟ್ಟದ್ದು.

ಹುಣ್ಣಿಮೆ ದಿನ ಕರೆಯಿರಿ ಮೇಷ್ಟ್ರೇ, ಚೆನ್ನಾಗಿ ಕಾಣಬಹುದು.

ಇದು ಪ್ರಶ್ನೆ ಅಲ್ಲ, ಆದರೆ ಎಲ್ಲರೂ ಹೇಳುವ ಮಾತು. ಗುಂಡಿ ನೋಡಲು ಹುಣ್ಣಿಮೆಯಷ್ಟು ಕೆಟ್ಟ ದಿನ ಇನ್ನೊಂದಿಲ್ಲ. ರಾತ್ರಿ ಅಂಗಳದಲ್ಲಿ ಟಾರ್ಚನ್ನು ಎತ್ತಿ ಮೇಲಿನಿಂದ ಬಿಡಿ: ಅಂಗಳ ಸಪಾಟಾಗಿ ಕಾಣುತ್ತದೆ. ಅದೇ ಟಾರ್ಚನ್ನು ನೆಲಕ್ಕೆ ತಾಗಿಸಿ ಮಲಗಿಸಿ. ಒಂದೊಂದು ಅಡಿಕೆಗೂ ಉದ್ದ ನೆರಳು. ಹಗಲು ಕಾಣದ ತಗ್ಗುದಿಣ್ಣೆಯೆಲ್ಲ ಎದ್ದು ಬರುತ್ತದೆ. ಅಮಾವಾಸ್ಯೆ ಕಳೆದು ಆರು, ಏಳು, ಎಂಟನೆಯ ದಿನ ಬನ್ನಿ. ಬೆಳಕು ಕತ್ತಲೆ ಸೇರುವ ಗೆರೆಯಲ್ಲಿ ಕಣ್ಣಿಡಿ. ಅಲ್ಲಿ ಸೂರ್ಯ ಈಗಷ್ಟೇ ಹುಟ್ಟುತ್ತಿರುತ್ತಾನೆ, ಗುಂಡಿಗಳ ದಂಡೆ ಮಾತ್ರ ಹೊಳೆಯುತ್ತಿರುತ್ತದೆ.

ಚಂದ್ರನಲ್ಲಿರುವ ಮೊಲ ನಿಜವಾಗಿ ಏನು?

ಲಾವಾ. ದೊಡ್ಡ ದೊಡ್ಡ ಕಲ್ಲುಗಳು ಬಿದ್ದು ನೂರಾರು ಕಿಲೋಮೀಟರ್ ಅಗಲದ ಬಟ್ಟಲುಗಳಾದವು. ಆಮೇಲೆ ಒಳಗಿನಿಂದ ಲಾವಾ ಉಕ್ಕಿ ಬಟ್ಟಲು ತುಂಬಿ ಹೆಪ್ಪುಗಟ್ಟಿತು. ಹೆಚ್ಚಿನದು 300 ಕೋಟಿ ವರ್ಷಕ್ಕಿಂತ ಹಿಂದಿನ ಕೆಲಸ. ಹಿಂದಿನವರು ಇವನ್ನು ಸಮುದ್ರ ಎಂದುಕೊಂಡರು, ಹೆಸರು ಹಾಗೇ ಉಳಿಯಿತು. ಕೊಂಕಣ ರೈಲಿನಲ್ಲಿ ಮುಂಬೈಗೆ ಹೋದವರು ರತ್ನಾಗಿರಿ ದಾಟಿದ ಮೇಲೆ ಹಳಿಯ ಪಕ್ಕ ಕಡಿದ ಕರಿಬಂಡೆ ನೋಡಿರುತ್ತೀರಿ. ಅದು ಸುಮಾರು 6.6 ಕೋಟಿ ವರ್ಷದ ಹಿಂದೆ ದಖ್ಖನಿನಲ್ಲಿ ಹರಿದ ಲಾವಾ. ಮೊಲದ ಮೈಯೂ ಅದೇ ಜಾತಿಯ ಕಲ್ಲು.

ಮೊಲದ ಸುತ್ತ ಬೆಳ್ಳಗೆ ಕಾಣುವುದು ಇನ್ನೂ ಹಳೆಯದು. ಚಂದ್ರ ಹುಟ್ಟಿದಾಗ ಮೈಯೆಲ್ಲ ಕರಗಿದ ಬಂಡೆಯ ಸಮುದ್ರವಾಗಿತ್ತು. ಭಾರದ್ದು ಕೆಳಗಿಳಿಯಿತು, ಹಗುರದ್ದು ಹಾಲಿನ ಕೆನೆಯ ಹಾಗೆ ಮೇಲೆ ತೇಲಿ ಗಟ್ಟಿಯಾಯಿತು. ಆ ಕೆನೆಯ ಕಲ್ಲಿನ ಹೆಸರು ಅನಾರ್ಥೊಸೈಟ್. 2023ರ ಆಗಸ್ಟ್ 23ರಂದು ಇಳಿದ ಚಂದ್ರಯಾನ-3ರ ಪ್ರಜ್ಞಾನ್ ರೋವರ್ ದಕ್ಷಿಣ ಧ್ರುವದ ಕಡೆಯ ಮಣ್ಣು ಪರೀಕ್ಷಿಸಿದಾಗ ಅದರ ಗುಣ ಈ ಕಥೆಗೆ ಹೊಂದಿತು. ಅಂಥದೇ ಕಲ್ಲು ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯ ಸೀತಂಪೂಂಡಿಯಲ್ಲಿ ಸಿಗುತ್ತದೆ. ಇಸ್ರೊದವರು ಅದನ್ನು ಪುಡಿ ಮಾಡಿ ಚಂದ್ರನ ಮಣ್ಣಿನ ನಕಲು ತಯಾರಿಸಿ, ಅದರ ಮೇಲೆ ಲ್ಯಾಂಡರ್ ರೋವರುಗಳ ಪರೀಕ್ಷೆ ನಡೆಸಿದ್ದರು.

ಮಂಗಳನ ಕೆಂಪೂ ನಮ್ಮ ಮುರಕಲ್ಲಿನ ಕೆಂಪೂ ಒಂದೇನಾ?

ಕಲ್ಲಿನ ಕೋರೆಯಲ್ಲಿ ಕೆಲಸ ಮಾಡುವ ಒಬ್ಬರು ಕೇಳಿದ್ದು. ನನಗೆ ಅತ್ಯಂತ ಇಷ್ಟವಾದ ಪ್ರಶ್ನೆ ಇದು. ಬಣ್ಣದ ಮಟ್ಟಿಗೆ ಹೌದು, ಎರಡೂ ತುಕ್ಕು. ಕಬ್ಬಿಣಕ್ಕೆ ಆಮ್ಲಜನಕ ಸೇರಿದರೆ ಬರುವ ಬಣ್ಣ. ಆದರೆ ಬಂದ ದಾರಿ ಬೇರೆ ಬೇರೆ.

ಮುರಕಲ್ಲು ಮಳೆಯ ಮಗು. ಬಿಸಿಲು, ಜಡಿಮಳೆ, ಮತ್ತೆ ಬಿಸಿಲು: ಲಕ್ಷಾಂತರ ವರ್ಷ ಹೀಗೆ ನಡೆದಾಗ ಮೂಲ ಬಂಡೆಯೊಳಗಿನ ಕರಗುವಂಥದ್ದೆಲ್ಲ ನೀರಿನ ಜೊತೆ ಇಳಿದು ಹೋಗುತ್ತದೆ. ಸಿಲಿಕಾ ಕೂಡ ನಿಧಾನಕ್ಕೆ ಹೋಗುತ್ತದೆ. ಉಳಿಯುವುದು ಹಟಮಾರಿ ಕಬ್ಬಿಣ ಮತ್ತು ಅಲ್ಯೂಮಿನಿಯಂ. ಒಂದು ಹೊಸ ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿ. ಮೈ ತುಂಬ ತೂತು. ಕೆಲವು ತೂತಿನಲ್ಲಿ ಹಳದಿ ಮಣ್ಣು, ಕೆಲವು ಖಾಲಿ, ಗೋಡೆ ಮಾತ್ರ ಕಡುಗೆಂಪು. ಆ ತೂತುಗಳೇ ಹೊರಟು ಹೋದದ್ದರ ಲೆಕ್ಕ. ನೆಲದಿಂದ ತೆಗೆದಾಗ ಮೆತ್ತಗಿದ್ದು ಗಾಳಿ ಬಿಸಿಲು ತಾಗಿದ ಮೇಲೆ ಗಟ್ಟಿಯಾಗುತ್ತದೆ. ಇಟ್ಟಿಗೆಯ ಹಾಗೆ ಕಡಿದು ಮನೆ ಕಟ್ಟುತ್ತಾರೆ ಎಂದು ನೋಡಿ, 1807ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂಬ ಹೆಸರು ಕೊಟ್ಟ. ಲ್ಯಾಟಿನ್ನಿನಲ್ಲಿ ಅದರ ಅರ್ಥವೇ ಇಟ್ಟಿಗೆ. ಆತ ನೋಡಿದ ಜಾಗ ನಮ್ಮ ಕೇರಳದ್ದೇ, ಮಲಪ್ಪುರಂ ಜಿಲ್ಲೆಯ ಅಂಗಾಡಿಪುರಂ. ಜಗತ್ತಿನ ಭೂವಿಜ್ಞಾನದ ಪುಸ್ತಕದಲ್ಲೆಲ್ಲ ಇರುವ ಈ ಕಲ್ಲು ನಮ್ಮ ಹಟ್ಟಿಯ ಗೋಡೆಯಲ್ಲಿದೆ.

ಮಂಗಳನ ಕೆಂಪು ಇಷ್ಟು ಆಳದ್ದಲ್ಲ. ಅದು ಹೆಚ್ಚಾಗಿ ಧೂಳಿನ ಕೆಂಪು. ಅಡಿಯಲ್ಲಿ ಇರುವುದು ಕಪ್ಪು ಬಸಾಲ್ಟ್ ಮತ್ತು ಅದರಿಂದ ಆದ ಮಣ್ಣುಕಲ್ಲು. 2013ರಲ್ಲಿ ಕ್ಯೂರಿಯಾಸಿಟಿ ರೋವರ್ ಒಂದು ಬಂಡೆಗೆ ತೂತು ಕೊರೆದಾಗ ಹೊರಗೆ ಬಂದ ಪುಡಿ ಬೂದಿ ಬಣ್ಣದ್ದು! ಬೆರಳುದ್ದ ಕೊರೆಯುವುದರೊಳಗೆ ಕೆಂಪು ಮುಗಿದಿತ್ತು. ನಮ್ಮ ಪದವಿನಲ್ಲಿ ಬಾವಿ ತೋಡುವವರನ್ನು ಕೇಳಿ, ಎಷ್ಟು ಕೋಲು ಇಳಿದರೆ ಕೆಂಪು ಮುಗಿಯುತ್ತದೆ ಎಂದು.

ಒಂದು ಹೋಲಿಕೆ ಮಾತ್ರ ಚಂದ ಉಂಟು. ಮುರದ ಮಣ್ಣಿನಲ್ಲಿ ಕಡಲೆ ಗಾತ್ರದ ಗಟ್ಟಿ ಕಬ್ಬಿಣದ ಉಂಡೆಗಳು ಸಿಗುತ್ತವೆ, ಬರಿಗಾಲಿಗೆ ಚುಚ್ಚುವಂಥವು. 2004ರಲ್ಲಿ ಆಪರ್ಚುನಿಟಿ ರೋವರ್ ಮಂಗಳದ ಮೆರಿಡಿಯಾನಿ ಬಯಲಿನಲ್ಲಿ ಇಳಿದಾಗ ನೆಲದ ತುಂಬ ಇಂಥ ಸಣ್ಣ ಗೋಲಿಗಳಿದ್ದವು. ಹೆಮಟೈಟ್ ಎಂಬ ಕಬ್ಬಿಣದ ಅದಿರಿನವು. ಒಂದು ಕಾಲದಲ್ಲಿ ಬಂಡೆಯ ಒಳಗೆ ನೀರು ಜಿನುಗಿ ಕಟ್ಟಿದ ಗೋಲಿಗಳು ಅವು.

ಮಂಗಳದಲ್ಲಿ ಬೇಕಲ ಉಂಟಂತೆ, ಹೌದಾ?

ಹೌದು. ಕೋಟೆ ಇಲ್ಲ, ಗುಂಡಿ ಉಂಟು. ಮಂಗಳದ ಸಣ್ಣ ಗುಂಡಿಗಳಿಗೆ ಭೂಮಿಯ ಸಣ್ಣ ಊರುಗಳ ಹೆಸರಿಡುವುದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಕ್ರಮ. ಸುಮಾರು ಒಂದು ಲಕ್ಷಕ್ಕಿಂತ ಕಮ್ಮಿ ಜನ ಇರುವ ಊರಾಗಬೇಕು. 2025ರಲ್ಲಿ ಕೇರಳದ ಬೇಕಲ, ವರ್ಕಲ, ತುಂಬಾ, ವಲಿಯಮಲ ಎಂಬ ಹೆಸರುಗಳು ಅಲ್ಲಿಗೆ ಹೋದವು. ಪೆರಿಯಾರ್ ಎಂಬ ಕಣಿವೆಯೂ ಆಯಿತು. ಹತ್ತಿರದ ದೊಡ್ಡ ಗುಂಡಿಗೆ ಭಾರತದ ಭೂವಿಜ್ಞಾನಿ ಎಂ. ಎಸ್. ಕೃಷ್ಣನ್ ಅವರ ಹೆಸರು. ಮುಂದಿನ ಸಲ ಕುಂಬಳೆಯದ್ದೂ ಆಗಲಿ ಎಂದು ನಮ್ಮ ಮಕ್ಕಳ ಬೇಡಿಕೆ.

ಮಂಗಳದಲ್ಲಿ ನೀರು ಹರಿದಿತ್ತು ಎಂದು ಹೇಗೆ ಗೊತ್ತು? ಈಗ ಅಲ್ಲಿ ಹೊಳೆ ಇಲ್ಲವಲ್ಲ?

ಪಯಸ್ವಿನಿ ಹೊಳೆಗೆ ಬೇಸಿಗೆಯಲ್ಲಿ ಇಳಿದು ಒಂದು ಕಲ್ಲು ಹೆಕ್ಕಿ. ನುಣ್ಣಗೆ, ಉರುಟು. ಕೊಡಗಿನ ಬೆಟ್ಟದಲ್ಲಿ ಚೂಪಾಗಿ ಒಡೆದ ಕಲ್ಲು ನೀರಿನಲ್ಲಿ ಉರುಳಿ, ಬೇರೆ ಕಲ್ಲಿಗೆ ತಾಗಿ, ಮೂಲೆಗಳನ್ನು ಕಳೆದುಕೊಂಡು ಇಲ್ಲಿಗೆ ಬಂದಿದೆ. ಗಾಳಿಗೆ ಹೊಯಿಗೆಯ ಕಣ ಉರುಳಿಸಲು ಆದೀತು, ನಿಂಬೆಹಣ್ಣಿನ ಗಾತ್ರದ ಕಲ್ಲನ್ನು ಉರುಳಿಸಿ ಉರುಟು ಮಾಡಲು ನೀರೇ ಬೇಕು. 2012ರಲ್ಲಿ ಕ್ಯೂರಿಯಾಸಿಟಿ ಗೇಲ್ ಎಂಬ ಗುಂಡಿಯಲ್ಲಿ ಇಳಿದು ಕೆಲವೇ ವಾರದಲ್ಲಿ ಇಂಥ ಉರುಟು ಕಲ್ಲುಗಳು ಸಿಮೆಂಟು ಹಾಕಿದ ಹಾಗೆ ಅಂಟಿಕೊಂಡ ಬಂಡೆ ಕಂಡಿತು. ನೂರು ಮಾತಿಗಿಂತ ಆ ಒಂದು ಫೋಟೋ ಸಾಕಿತ್ತು.

ಇನ್ನೊಂದು ಜಾಗ ಜೆಜೆರೊ. ಅದೂ ಒಂದು ಹಳೆಯ ಗುಂಡಿ. ಅಂಚನ್ನು ಒಡೆದು ಹೊಳೆಯೊಂದು ಒಳಗೆ ನುಗ್ಗಿ, ಕೆರೆ ತುಂಬಿ, ಬಾಯಲ್ಲಿ ಬೀಸಣಿಗೆಯ ಹಾಗೆ ಮಣ್ಣು ಹರಡಿತ್ತು. ಹೊಳೆ ಹೋಗಿ 300 ಕೋಟಿ ವರ್ಷಕ್ಕಿಂತ ಹೆಚ್ಚಾಯಿತು, ಬೀಸಣಿಗೆ ಉಳಿದಿದೆ. ಪರ್ಸಿವರೆನ್ಸ್ ರೋವರ್ 2021ರ ಫೆಬ್ರವರಿಯಲ್ಲಿ ಇಳಿದದ್ದು ಅದರ ಬುಡದಲ್ಲೇ.

ಈಗ ಮಂಗಳದಲ್ಲಿ ಗಾಳಿಯ ಒತ್ತಡ ನಮ್ಮಲ್ಲಿಯ ನೂರರಲ್ಲಿ ಒಂದು ಪಾಲಿಗಿಂತಲೂ ಕಮ್ಮಿ. ನೀರು ಚೆಲ್ಲಿದರೆ ನಿಲ್ಲದು. ಒರೆಸುವ ಕೆಲಸ ಈಗ ಗಾಳಿ ಮತ್ತು ಧೂಳಿನದು. ನಿಧಾನ, ಆದರೆ ಬಿಡದ ಕೆಲಸ. 2018ರಲ್ಲಿ ಇಡೀ ಗ್ರಹಕ್ಕೆ ಧೂಳು ಮುಸುಕಿ ಆಪರ್ಚುನಿಟಿಯ ಸೋಲಾರ್ ಹಲಗೆಗೆ ಬಿಸಿಲು ಸಿಗದೆ ಅದರ ಕಥೆ ಮುಗಿಯಿತು.

ಎವರೆಸ್ಟಿಗಿಂತ ಎತ್ತರದ ಬೆಟ್ಟ ಮಂಗಳದಲ್ಲಿ ಹೇಗೆ ಆಯಿತು? ಮಂಗಳ ಸಣ್ಣದಲ್ವಾ?

ಸಣ್ಣದಾದದ್ದರಿಂದಲೇ. ಒಲಿಂಪಸ್ ಮಾನ್ಸ್ ಸುಮಾರು 22 ಕಿಲೋಮೀಟರ್ ಎತ್ತರ, 600 ಕಿಲೋಮೀಟರ್ ಅಗಲದ ಜ್ವಾಲಾಮುಖಿ. ಬುಡದಲ್ಲಿ ನಿಂತರೆ ತುದಿ ಕಾಣದು, ಅಷ್ಟು ಇಳಿಜಾರು ಕಮ್ಮಿ.

ಒಂದೇ ಜಾಗಕ್ಕೆ ಸೌಟಿನಿಂದ ದೋಸೆಹಿಟ್ಟು ಹೊಯ್ಯುತ್ತಾ ಇರಿ. ಕಾವಲಿಯನ್ನು ಯಾರಾದರೂ ನಿಧಾನಕ್ಕೆ ಎಳೆಯುತ್ತಿದ್ದರೆ ಸಾಲಾಗಿ ಸಣ್ಣ ದೋಸೆಗಳಾಗುತ್ತವೆ. ಎಳೆಯದಿದ್ದರೆ ಹಿಟ್ಟು ಒಂದರ ಮೇಲೊಂದು ಬಿದ್ದು ಗುಡ್ಡೆ. ಭೂಮಿಯ ಹೊರಪದರ ಜಾರುತ್ತಾ ಇರುತ್ತದೆ, ಕೆಳಗಿನ ಬಿಸಿಯ ಬುಗ್ಗೆ ನಿಂತಲ್ಲೇ ಇರುತ್ತದೆ. ಹವಾಯಿ ದ್ವೀಪಗಳು ಹೀಗೆ ಸಾಲಾದವು. ಮಂಗಳದ ಹೊರಪದರ ಜಾರಲಿಲ್ಲ. ಕೋಟಿಗಟ್ಟಲೆ ವರ್ಷ ಒಂದೇ ಕಡೆ ಲಾವಾ ಸುರಿಯಿತು. ಗುರುತ್ವ ನಮ್ಮದರ 38 ಶೇಕಡಾ ಆದ್ದರಿಂದ ಬೆಟ್ಟ ತನ್ನ ಭಾರಕ್ಕೆ ಕುಸಿಯಲೂ ಇಲ್ಲ.

ಶುಕ್ರ ಅಷ್ಟು ಹೊಳೆಯುತ್ತದೆ, ಆದರೆ ಟೆಲಿಸ್ಕೋಪಿನಲ್ಲಿ ಏನೂ ಕಾಣುವುದಿಲ್ಲ ಯಾಕೆ?

ಕಾಣುವುದು ಮೋಡದ ಮುಚ್ಚಳ. ಅದರ ಕೆಳಗೆ 460 ಡಿಗ್ರಿ ಬಿಸಿ, ನಮ್ಮ 90 ಪಟ್ಟು ಒತ್ತಡ. 1982ರಲ್ಲಿ ಸೋವಿಯತ್ತಿನ ವೆನೆರಾ-13 ಇಳಿದು 127 ನಿಮಿಷ ಬದುಕಿತ್ತು, ಅದೇ ದೊಡ್ಡ ಸಾಧನೆ. ನೆಲದ ನಕ್ಷೆ ಸಿಕ್ಕಿದ್ದು 1990ರಿಂದ 1994ರ ವರೆಗೆ ಸುತ್ತಿದ ಮೆಜೆಲನ್ ನೌಕೆಯ ರೇಡಾರಿನಿಂದ.

ಇಡೀ ಶುಕ್ರನಲ್ಲಿ ಇರುವುದು ಸಾವಿರದ ಒಳಗೆ ಗುಂಡಿಗಳು, ಅದೂ ಎಲ್ಲ ಕಡೆ ಸಮನಾಗಿ ಚೆಲ್ಲಿದ ಹಾಗೆ. ಸಣ್ಣ ಗುಂಡಿ ಇಲ್ಲವೇ ಇಲ್ಲ, ಸಣ್ಣ ಕಲ್ಲುಗಳು ಆ ದಪ್ಪ ಗಾಳಿಯಲ್ಲೇ ಪುಡಿಯಾಗುತ್ತವೆ. ಮಳೆ ಇಲ್ಲದ ಊರಿನಲ್ಲಿ ಹಳೆಯ ಗುಂಡಿಗಳನ್ನು ಒರೆಸಿದ್ದು ಯಾರು ಹಾಗಾದರೆ? ಲಾವಾ. 2023ರಲ್ಲಿ ಇಬ್ಬರು ವಿಜ್ಞಾನಿಗಳು ಮೆಜೆಲನ್ ತೆಗೆದ ಹಳೆಯ ಚಿತ್ರಗಳನ್ನೇ ಪಕ್ಕಪಕ್ಕ ಇಟ್ಟು ನೋಡಿದಾಗ, ಮಾಟ್ ಮಾನ್ಸ್ ಎಂಬ ಬೆಟ್ಟದ ಬಳಿ ಜ್ವಾಲಾಮುಖಿಯ ಒಂದು ಬಾಯಿ ಎಂಟು ತಿಂಗಳಲ್ಲಿ ಆಕಾರ ಬದಲಿಸಿದ್ದು ಕಂಡಿತು. ಮೂವತ್ತು ವರ್ಷ ಪೆಟ್ಟಿಗೆಯಲ್ಲಿದ್ದ ಚಿತ್ರ!

ಬುಧ?

ಬುಧ ನೋಡಲು ಚಂದ್ರನ ಹಾಗೇ. ವಿಶೇಷ ಒಂದೇ: ಅದು ಕುಗ್ಗಿದೆ. ಗೋಟಡಿಕೆ ನಲ್ವತ್ತು ಬಿಸಿಲು ಕಂಡಾಗ ಒಳಗಿನದು ಸಣ್ಣದಾಗಿ ಸಿಪ್ಪೆ ಸುಕ್ಕುಗಟ್ಟುತ್ತದಲ್ಲ, ಹಾಗೆ. ಅಡಿಕೆ ಒಣಗಿ ಕುಗ್ಗುತ್ತದೆ, ಬುಧ ತಣಿದು ಕುಗ್ಗಿತು. ತ್ರಿಜ್ಯದಲ್ಲಿ 7 ಕಿಲೋಮೀಟರಿನಷ್ಟು ಕಮ್ಮಿಯಾಗಿರಬಹುದೆಂದು ಮೆಸೆಂಜರ್ ನೌಕೆಯ ಚಿತ್ರಗಳಿಂದ ಲೆಕ್ಕ ಹಾಕಿದ್ದಾರೆ. ಸುಕ್ಕುಗಳು ನೂರಾರು ಕಿಲೋಮೀಟರ್ ಉದ್ದದ ಬರೆಗಳಾಗಿ ನಿಂತಿವೆ.

ಚಂದ್ರನಲ್ಲಿಯೂ ಭೂಕಂಪ ಆಗುತ್ತದಾ?

ಆಗುತ್ತದೆ. ಅಪೊಲೊ ಯಾತ್ರಿಗಳು ಬಿಟ್ಟು ಬಂದ ಉಪಕರಣಗಳು 1977ರ ವರೆಗೆ ಕಂಪನಗಳನ್ನು ದಾಖಲಿಸಿದವು. ಚಂದ್ರನೂ ತಣಿದು ಸ್ವಲ್ಪ ಕುಗ್ಗಿದ್ದಾನೆ, ಅಲ್ಲೂ ಬುಧನ ಹಾಗೆ ಸಣ್ಣ ಬರೆಗಳಿವೆ.

ಬುಧ, ಚಂದ್ರ ತಣಿದು ಕುಗ್ಗಿದವು ಎಂದಿರಿ. ಗುರುವಿನ ಸಣ್ಣ ಉಪಗ್ರಹದಲ್ಲಿ ಜ್ವಾಲಾಮುಖಿ ಹೇಗೆ?

ಕಟ್ಟುವ ತಂತಿಯ ತುಂಡನ್ನು ಹಿಂದೆ ಮುಂದೆ ಇಪ್ಪತ್ತು ಸಲ ಬಗ್ಗಿಸಿ, ಬಗ್ಗಿದ ಜಾಗವನ್ನು ತುಟಿಗೆ ತಾಗಿಸಿ. ಸುಡುತ್ತದೆ. ಬೆಂಕಿ ಎಲ್ಲಿಂದ ಬಂತು? ಬಗ್ಗಿಸಿದ್ದರಿಂದ.

ಆ ಉಪಗ್ರಹದ ಹೆಸರು ಅಯೋ. ನಮ್ಮ ಚಂದ್ರನಿಗಿಂತ ಸ್ವಲ್ಪ ದೊಡ್ಡದು. ಸುತ್ತುವುದು ಗುರುವಿನಂಥ ದೈತ್ಯನನ್ನು. ಗುರುವಿಗೆ ಯುರೋಪಾ, ಗ್ಯಾನಿಮೀಡ್ ಎಂಬ ಉಪಗ್ರಹಗಳೂ ಉಂಟು. ಯುರೋಪಾ ಒಂದು ಸುತ್ತು ಬರುವಾಗ ಅಯೋಗೆ ಎರಡು ಸುತ್ತು, ಗ್ಯಾನಿಮೀಡ್ ಒಂದು ಸುತ್ತು ಬರುವಾಗ ಅಯೋಗೆ ನಾಲ್ಕು. ಹೀಗೆ ತಾಳ ತಪ್ಪದೆ ಈ ಇಬ್ಬರು ಜಗ್ಗುವುದರಿಂದ ಅಯೋದ ದಾರಿ ಉರುಟಾಗಿ ನಿಲ್ಲುವುದಿಲ್ಲ. ಒಮ್ಮೆ ಗುರುವಿಗೆ ಹತ್ತಿರ, ಒಮ್ಮೆ ದೂರ. ಹತ್ತಿರ ಬಂದಾಗ ಹಿಂಡಿದ ಹಾಗೆ, ದೂರ ಹೋದಾಗ ಬಿಟ್ಟ ಹಾಗೆ. ಗಟ್ಟಿ ನೆಲವೇ ನೂರು ಮೀಟರಿನಷ್ಟು ಏರಿ ಇಳಿಯುತ್ತದೆ ಎಂದು ಲೆಕ್ಕ. ಒಂದೂಮುಕ್ಕಾಲು ದಿನಕ್ಕೊಮ್ಮೆ ಇದು ನಡೆಯುತ್ತದೆ. ಒಳಗೆ ಕರಗದೆ ಏನು ಮಾಡೀತು?

ಇದನ್ನು ಮೂವರು ವಿಜ್ಞಾನಿಗಳು ಬರಿ ಲೆಕ್ಕದಿಂದ ಹೇಳಿ 1979ರ ಮಾರ್ಚ್ ಮೊದಲಲ್ಲಿ ಪ್ರಕಟಿಸಿದ್ದರು. ಅದರ ಕೆಲವೇ ದಿನಗಳಲ್ಲಿ ವಾಯೇಜರ್-1 ಕಳಿಸಿದ ಚಿತ್ರವನ್ನು ನೋಡುತ್ತಿದ್ದ ನಾಸಾದ ಎಂಜಿನಿಯರ್ ಲಿಂಡಾ ಮೊರಾಬಿಟೊಗೆ ಅಯೋದ ಅಂಚಿನಲ್ಲಿ ಕೊಡೆಯ ಹಾಗೆ ಎದ್ದ ಹೊಗೆ ಕಂಡಿತು. ಭೂಮಿಯ ಹೊರಗೆ ಉರಿಯುವ ಜ್ವಾಲಾಮುಖಿ ಕಂಡದ್ದು ಅದೇ ಮೊದಲು. ಈಗ ಅಲ್ಲಿ ಸುಮಾರು 400 ಗೊತ್ತು. ಗುಂಡಿ? ಒಂದೂ ಇಲ್ಲ. ಬಿದ್ದ ಕೂಡಲೇ ಮುಚ್ಚಿಹೋಗುತ್ತದೆ.

ಮಂಜುಗಡ್ಡೆಯ ಉಪಗ್ರಹ ಎಂದರೆ ಬರಿ ಫ್ರಿಜ್ಜಿನ ಐಸಾ?

ನಮ್ಮ ಐಸಿನ ಹಾಗೆ ಎಂದುಕೊಂಡರೆ ತಪ್ಪಾಗುತ್ತದೆ. ಅಷ್ಟು ಚಳಿಯಲ್ಲಿ ಐಸ್ ಎಂದರೆ ಬಂಡೆ. ಅಲ್ಲಿನ ಬೆಟ್ಟ ಐಸಿನದು, ಅಲ್ಲಿನ "ಲಾವಾ" ನೀರು.

ಯುರೋಪಾದ ಚಿತ್ರ ನೋಡಿದರೆ ಬಿರುಕು ಬಿಟ್ಟ ಗಾಜಿನ ಹಾಗೆ. ಗುಂಡಿ ಬಹಳ ಕಮ್ಮಿ. ಮೇಲೆ ಐಸಿನ ಚಿಪ್ಪು, ಕೆಳಗೆ ಉಪ್ಪು ನೀರಿನ ಸಮುದ್ರ. ಅದನ್ನು ಪರೀಕ್ಷಿಸಲು 2024ರ ಅಕ್ಟೋಬರಿನಲ್ಲಿ ಹೊರಟ ಯುರೋಪಾ ಕ್ಲಿಪ್ಪರ್ 2030ರಲ್ಲಿ ಗುರುವನ್ನು ಮುಟ್ಟಬೇಕು. ಶನಿಯ ಎನ್ಸೆಲಾಡಸ್ ಇನ್ನೂ ಸೋಜಿಗ. ಅಡ್ಡಳತೆ 500 ಕಿಲೋಮೀಟರ್. ಕಾಸರಗೋಡಿನಿಂದ ತಿರುವನಂತಪುರಕ್ಕೆ ಬಸ್ಸಿನಲ್ಲಿ ಹೋಗುವ ದೂರ ಅದಕ್ಕಿಂತ ಜಾಸ್ತಿ. ಅಷ್ಟು ಸಣ್ಣದರ ದಕ್ಷಿಣ ಧ್ರುವದಲ್ಲಿ ನಾಲ್ಕು ಉದ್ದ ಸೀಳುಗಳಿಂದ ನೀರಾವಿ, ಐಸಿನ ಕಣ ಚಿಮ್ಮುತ್ತಿರುವುದನ್ನು ಕ್ಯಾಸಿನಿ ನೌಕೆ 2005ರಲ್ಲಿ ಕಂಡಿತು. ಗುರುವಿನ ಇನ್ನೊಂದು ಉಪಗ್ರಹ ಕ್ಯಾಲಿಸ್ಟೊವನ್ನು ಯಾರೂ ಹಿಂಡುವುದಿಲ್ಲ. ಹಾಗಾಗಿ ಅದರ ಮೈಯೆಲ್ಲ ಗುಂಡಿ.

ನಮ್ಮಲ್ಲಿಯ ಹಾಗೆ ಮಳೆ ಬರುವ ಜಾಗ ಬೇರೆ ಎಲ್ಲಿಯೂ ಇಲ್ಲವಾ?

ಶನಿಯ ಟೈಟನ್ನಿನಲ್ಲಿ ಬರುತ್ತದೆ. ನೀರಿನ ಮಳೆ ಅಲ್ಲ, ಮೀಥೇನಿನದು. ಚಳಿ ಸುಮಾರು ಮೈನಸ್ 179 ಡಿಗ್ರಿ. ಮಳೆ ಉಂಟು ಎಂದ ಮೇಲೆ ತೋಡು, ಹೊಳೆ, ಸರೋವರ ಎಲ್ಲ ಉಂಟು. 2005ರ ಜನವರಿ 14ರಂದು ಹೈಗನ್ಸ್ ನೌಕೆ ಇಳಿದು ಕಳಿಸಿದ ಚಿತ್ರದಲ್ಲಿ ಕಂಡದ್ದು ಏನು ಗೊತ್ತಾ? ಉರುಟು ಕಲ್ಲುಗಳು. ಐಸಿನ ಕಲ್ಲು, ಮೀಥೇನಿನ ಹೊಳೆ, ಆದರೂ ಪಯಸ್ವಿನಿಯ ಹಾಗೇ.

ಕಲ್ಲನ್ನು ಕೈಯಲ್ಲಿ ಹಿಡಿಯದೆ ಇಷ್ಟು ಕೋಟಿ ವರ್ಷ ಎಂದು ಹೇಗೆ ಹೇಳುತ್ತಾರೆ?

ಮೇ ಕೊನೆಯಲ್ಲಿ ಮೊದಲ ಹನಿ ಬೀಳುವಾಗ ಒಣ ಅಂಗಳವನ್ನು ನೋಡಿ. ಒಂದು ಚುಕ್ಕೆ, ಹತ್ತು ಚುಕ್ಕೆ, ಆಮೇಲೆ ಚುಕ್ಕೆಯ ಮೇಲೆ ಚುಕ್ಕೆ. ಮಳೆ ಒಂದೇ ಸಮ ಬೀಳುತ್ತಿದ್ದರೆ ಚುಕ್ಕೆ ಲೆಕ್ಕ ಹಾಕಿ ಶುರುವಾಗಿ ಎಷ್ಟು ಹೊತ್ತಾಯಿತು ಎನ್ನಬಹುದು. ಅಂಗಳದ ಮಧ್ಯೆ ಹಾಸಿದ್ದ ಗೋಣಿಯನ್ನು ಯಾರೋ ಎಳೆದುಕೊಂಡು ಓಡಿದರೆ ಅಲ್ಲಿ ಚುಕ್ಕೆ ಕಮ್ಮಿ ಇರುತ್ತದೆ. ಆ ಜಾಗ ಹೊಸದು.

ಗ್ರಹಗಳಿಗೂ ಇದೇ ಲೆಕ್ಕ. ಗುಂಡಿ ಜಾಸ್ತಿ ಇದ್ದರೆ ನೆಲ ಹಳೆಯದು. ಆದರೆ ಇಷ್ಟು ಗುಂಡಿಗೆ ಇಷ್ಟು ವರ್ಷ ಎಂದು ಹೇಳಲು ಒಂದು ಕಡೆಯಾದರೂ ನಿಜವಾದ ವಯಸ್ಸು ಗೊತ್ತಿರಬೇಕು. ಅಪೊಲೊ ಯಾತ್ರಿಗಳು ತಂದ 382 ಕಿಲೋ ಕಲ್ಲುಮಣ್ಣು ಆ ಕೆಲಸ ಮಾಡಿತು. ಅವುಗಳ ವಯಸ್ಸನ್ನು ಪ್ರಯೋಗಾಲಯದಲ್ಲಿ ಅಳೆದು, ತಂದ ಜಾಗದ ಗುಂಡಿ ಎಣಿಸಿ, ಮಾಪಕ ಮಾಡಿಕೊಂಡರು. ಪ್ಲೂಟೊದಲ್ಲಿ 2015ರಲ್ಲಿ ನ್ಯೂ ಹೊರೈಜನ್ಸ್ ನೌಕೆ ಕಂಡ ನೈಟ್ರೋಜನ್ ಐಸಿನ ಬಯಲಿನಲ್ಲಿ ಒಂದು ಗುಂಡಿಯೂ ಇರಲಿಲ್ಲ. ಅಂದರೆ ಆ ನೆಲಕ್ಕೆ ಒಂದು ಕೋಟಿ ವರ್ಷವೂ ಆಗಿಲ್ಲ. ಅಷ್ಟು ದೂರದ, ಅಷ್ಟು ತಣ್ಣಗಿನ ಪ್ಲೂಟೊ ಇನ್ನೂ ಮೈ ಒರೆಸಿಕೊಳ್ಳುತ್ತಿದೆ.

ಆರ್ಮ್‌ಸ್ಟ್ರಾಂಗನ ಹೆಜ್ಜೆ ಈಗಲೂ ಇದೆಯಾ?

ಇರಬೇಕು. ಅಲ್ಲಿ ಕೆಡಿಸುವುದು ಧೂಳಿನಂಥ ಸಣ್ಣ ಉಲ್ಕೆಗಳು ಮಾತ್ರ. ಒಂದು ಮಿಲಿಮೀಟರ್ ಸವೆಯಲು ಹತ್ತು ಲಕ್ಷ ವರ್ಷದಷ್ಟು ಬೇಕು.

ಚಂದ್ರನಲ್ಲಿ ಸುರಂಗ ತೋಡಬಹುದಾ?

ಬಾಯಾರು ಕಡೆಯ ಹಿರಿಯರೊಬ್ಬರು ಕೇಳಿದರು. ಪ್ರಾಯದಲ್ಲಿ ಚಿಮಿಣಿ ದೀಪ ಇಟ್ಟುಕೊಂಡು, ಒಬ್ಬ ಬಗ್ಗಿ ನಿಲ್ಲುವಷ್ಟೇ ಜಾಗದಲ್ಲಿ ಮುರವನ್ನು ಕಡಿದು ನೀರು ತಂದವರು. ಅವರ ಪ್ರಶ್ನೆ ತಮಾಷೆಯದ್ದಲ್ಲ. ತೋಡುವುದೇ ಬೇಡ, ಅಲ್ಲಿ ತಯಾರಿ ಸುರಂಗಗಳೇ ಉಂಟು ಎಂದೆ. ಲಾವಾ ಹರಿಯುವಾಗ ಮೇಲ್ಮೈ ತಣಿದು ಗಟ್ಟಿಯಾಗುತ್ತದೆ, ಒಳಗಿನದು ಹರಿದು ಹೋಗಿ ಕೊಳವೆ ಉಳಿಯುತ್ತದೆ. ಕೆಲವು ಕಡೆ ಛಾವಣಿ ಕುಸಿದು ಬಾಯಿ ತೆರೆದಿದೆ. ಅಂಥದ್ದನ್ನು 2009ರಲ್ಲಿ ಜಪಾನಿನ ಕಗುಯಾ ನೌಕೆ ಮೊದಲು ಪತ್ತೆ ಮಾಡಿತು. ಶಾಂತಿ ಸಾಗರ ಎಂಬ ಬಯಲಿನಲ್ಲಿರುವ ಇನ್ನೊಂದು ಸುಮಾರು 100 ಮೀಟರ್ ಅಗಲದ್ದು. ಅದರ ತಳದಿಂದ ಗುಹೆಯೊಂದು ಒಳಗೆ ಹೋಗುತ್ತದೆ ಎಂದು 2024ರಲ್ಲಿ ಹಳೆಯ ರೇಡಾರ್ ದಾಖಲೆಯಿಂದ ತಿಳಿಯಿತು. ಹೊರಗೆ ಹಗಲು 120 ಡಿಗ್ರಿ, ರಾತ್ರಿ ಮೈನಸ್ 130. ಆ ಬಾಯಿಯ ನೆರಳಿನಲ್ಲಿ ಸುಮಾರು 17 ಡಿಗ್ರಿ.

"ನಮ್ಮ ಸುರಂಗದ ಒಳಗೂ ಹಾಗೇ, ಬೇಸಿಗೆಯಲ್ಲಿ ತಂಪು, ಚಳಿಗೆ ಬೆಚ್ಚಗೆ" ಎಂದರು. ಸ್ವಲ್ಪ ಯೋಚಿಸಿ ಇನ್ನೊಂದು ಕೇಳಿದರು: "ನೀರು ಜಿನುಗುತ್ತದಾ?" ಇಲ್ಲ ಎಂದೆ. "ಹಾಗಾದರೆ ಏನು ಪ್ರಯೋಜನ" ಎಂದು ಎದ್ದು ಹೋದರು.

ಯಾವ ಟೆಲಿಸ್ಕೋಪ್ ತೆಗೆದುಕೊಳ್ಳುವುದು?

ಮೊದಲು ತೆಗೆದುಕೊಳ್ಳಬೇಡಿ. 10x50 ಬೈನಾಕ್ಯುಲರ್ ಸಾಕು, ಅದನ್ನು ಕಂಬಕ್ಕೋ ಅಡಿಕೆ ಮರಕ್ಕೋ ಒರಗಿಸಿ ಹಿಡಿದರೆ ಟೈಕೋ, ಕೋಪರ್ನಿಕಸ್ ಎಂಬ ಗುಂಡಿಗಳೆರಡೂ ಕಾಣುತ್ತವೆ. ನಾನು ಮೊದಲ ಸಲ ಆನ್‌ಲೈನಿನಲ್ಲಿ ಡಬ್ಬದ ಮೇಲೆ ನೂರಾರು ಪಟ್ಟು ದೊಡ್ಡದು ಎಂದು ಬರೆದದ್ದನ್ನು ನಂಬಿ ಒಂದು ತರಿಸಿದೆ. ಮೂರು ಕಾಲಿನ ಸ್ಟ್ಯಾಂಡು ಹೇಗಿತ್ತೆಂದರೆ ಉಸಿರು ಬಿಟ್ಟರೆ ಚಂದ್ರ ಕುಣಿಯುತ್ತಿದ್ದ. ಹಿಂದೆ ಕಳಿಸಲು ಹೋದರೆ ಪಿನ್‌ಕೋಡ್ ಆಗುವುದಿಲ್ಲ ಎಂದರು. ಈಗ ಅದು ಅಟ್ಟದಲ್ಲಿದೆ. ದೊಡ್ಡ ಪಟ್ಟಿನ ಆಸೆ ಬೇಡ, ಅಲುಗಾಡದ ಸ್ಟ್ಯಾಂಡು ಮುಖ್ಯ.

ಜೂನಿನಿಂದ ನಾಲ್ಕು ತಿಂಗಳು ಆಕಾಶವೇ ಇಲ್ಲ. ಆಗ ಏನು ನೋಡುವುದು?

ನೆಲ. ಒಂದು ದೊಡ್ಡ ಮಳೆ ಬಂದು ನಿಂತ ಮೇಲೆ ಗುಡ್ಡೆಯಿಂದ ಇಳಿದ ನೀರು ತೋಟದ ಕಣಿಗೆ ಸೇರುವ ಜಾಗಕ್ಕೆ ಹೋಗಿ. ಓಡಿ ಬಂದ ನೀರು ಅಲ್ಲಿ ನಿಧಾನ ಆಗುತ್ತದೆ, ಹೊತ್ತು ತಂದದ್ದನ್ನು ಇಳಿಸುತ್ತದೆ. ದಪ್ಪ ಕಲ್ಲು ಮೊದಲು, ಹೊಯಿಗೆ ಆಮೇಲೆ, ನುಣ್ಣನೆಯ ಕೆಂಪು ಕೆಸರು ಕೊನೆಗೆ. ಅಂಗೈಯಷ್ಟು ಬೀಸಣಿಗೆ ಬಿಚ್ಚಿಕೊಂಡಿರುತ್ತದೆ. ಅದರ ಮೇಲೆ ಎಳೆ ಎಳೆಯಾಗಿ ಸಣ್ಣ ತೋಡುಗಳು. ಮೊಬೈಲಿನಲ್ಲಿ ಮೇಲಿನಿಂದ ನೇರ ಒಂದು ಫೋಟೋ ತೆಗೆದು ಜೆಜೆರೊದ ಚಿತ್ರದ ಪಕ್ಕ ಇಡಿ. ಬೇಗ ತೆಗೆಯಬೇಕು, ಮುಂದಿನ ಮಳೆಗೆ ಅದು ಇರುವುದಿಲ್ಲ.